ಹುಣಸೆಹುಳಿಯಲ್ಲಿ ತಿಕ್ಕಿದ ಬಟ್ಟಲು

ನನ್ನ ಮಗಳು ಕಾಲು ಜಾರಿ ಬೀಳಲಿಲ್ಲ, ಅಳಿಯ ಅವಳ ತಲೆಯನ್ನು ಸಿಂಕಿಗೆ ಚಚ್ಚಿದ. ಮೊಮ್ಮಗಳಿಗೆ ಆಗ ಐದು ವರ್ಷ, ತನ್ನ ಬಾಲ್ಯದ ಆ ಮಧ್ಯಾಹ್ನವನ್ನು ಅವಳು ಮರೆತಿದ್ದಾಳೆ. ನನಗೆ ಮಾತ್ರ ಇವತ್ತಿಗೂ ಹುಣಸೆಹಣ್ಣು ನೆನೆಹಾಕಿದರೆ ಸಾಕು, ಸಿಡ್ನಿಯ ಆ ಅಡುಗೆಮನೆ ಎದುರಿಗೆ ಬರುತ್ತದೆ.

ಅಳಿಯನಿಗೆ ಹಳೇ ಚೀನೀ ಪಿಂಗಾಣಿ ಬಟ್ಟಲು ಕೂಡಿಡುವ ಹುಚ್ಚು. ಅದರಲ್ಲೊಂದು ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗಿನ ಬಟ್ಟಲು, ಬೆರಳಿಗೆ ಉಬ್ಬುಬ್ಬಾಗಿ ತಾಗುವ ಎನಾಮಲ್ ಹೂವು, ಅಂಚಿಗೆ ಚಿನ್ನದ ಗೆರೆ. ಅದನ್ನು ನೋಡಲು ಯಾರೋ ಬರುತ್ತಾರೆಂದು ಮಗಳು ಹಬ್ಬದ ದೀಪ ತಿಕ್ಕಿದ ಹಾಗೆ ಹುಣಸೆಹುಳಿ ಹಾಕಿ ತಿಕ್ಕಿಬಿಟ್ಟಳು. ಗೆರೆ ಅಳಿಸಿಹೋಯಿತು.

"ಗೋಲ್ಡ್ ಎಲ್ಲೇ?" ಎಂದ.

"ಹೊಳೀಲಿ ಅಂತ ರೀ..."

ಅವಳ ಮಾತು ಮುಗಿಯುವ ಮೊದಲೇ ಜಡೆ ಹಿಡಿದು ಚಚ್ಚಿದ, ಒಂದು ಸಲವಲ್ಲ. "ಡ್ಯಾಡಿ, ಸ್ಟಾಪ್!" ಎಂದು ಕಿರುಚಿದ ಮಗುವನ್ನು ಕಾಲಿನಿಂದ ಒದ್ದ. ಹುಣಸೆಯ ನೀರೆಲ್ಲ ರಕ್ತವಾಯಿತು.

"ಯಾರಾದ್ರೂ ಕೇಳಿದ್ರೆ ಜಾರಿ ಬಿದ್ಲು ಅನ್ನಿ ಅತ್ತೆ. ನಿಮ್ಮ ವೀಸಾ ನನ್ನ ಕೈಲಿದೆ," ಎಂದ, ಕೈ ತೊಳೆಯುತ್ತ.

ಮರುದಿನ ಬೆಳಿಗ್ಗೆ ಮಗಳನ್ನೂ ಮೊಮ್ಮಗಳನ್ನೂ ಪೊಲೀಸ್ ಸ್ಟೇಷನ್ನಿಗೆ ನಡೆಸಿಕೊಂಡು ಹೋದೆ. ಅಲ್ಲಿ ಮಗಳು ಬಾಯಿಯೇ ಬಿಡಲಿಲ್ಲ. ನನಗೆ ಇಂಗ್ಲಿಷ್ ಬಾರದು. ನನ್ನ ತುರುಬನ್ನು ನಾನೇ ಹಿಡಿದು, ಅವರ ಮೇಜಿಗೆ ನನ್ನ ಹಣೆಯನ್ನು ಚಚ್ಚಿ ತೋರಿಸಿದೆ.