ವಾರಿಜಾ ಒಯ್ಯದ ಡಬ್ಬಿ

ಮೆಟ್ರೋ ಓಡಿಸುವವರು ಪಾಳಿಗೆ ಮುಂಚೆ ಮನಸ್ಸಿನ ಭಾರವನ್ನು ಡಬ್ಬಿಗೆ ಇಳಿಸಿ, ಡಿಪೋ ಕಿಟಕಿಯಲ್ಲಿ ಕೊಟ್ಟು ಟೋಕನ್ ಪಡೆಯುತ್ತಾರೆ. ಪಾಳಿ ಮುಗಿದ ಮೇಲೆ ವಾಪಸ್ ಒಯ್ಯಬೇಕು. ವಾರಿಜಾ ಒಂದು ಡಬ್ಬಿಯನ್ನು ಆರು ತಿಂಗಳಿಂದ ಒಯ್ದಿರಲಿಲ್ಲ. ಅವಳ ರೈಲಿಗೆ ಸಿಕ್ಕಿ ಸತ್ತ ಮುದುಕನ ಮುಖ ಅದರಲ್ಲಿತ್ತು.

“ಇವತ್ತಿಗೆ ಗಡುವು ಮುಗೀತಮ್ಮ,” ಎಂದರು ಕಿಟಕಿಯ ಚನ್ನವೀರಯ್ಯ. “ಸುಟ್ಟುಬಿಡ್ಲಾ? ಆ ಮುಖ ಇನ್ಯಾವತ್ತೂ ನೆನಪಾಗಲ್ಲ.”

“ಅವರನ್ನ ಕೇಳ್ಕೊಂಡು ಯಾರಾದ್ರೂ ಬಂದ್ರಾ, ಸರ್?”

“ಯಾರೂ ಇಲ್ಲ. ಹೆಸರೂ ಗೊತ್ತಾಗ್ಲಿಲ್ಲ.”

ವಾರಿಜಾ ಟೋಕನ್ ಮುಂದಿಟ್ಟಳು. “ಹಾಗಾದ್ರೆ ಕೊಡಿ. ಕೊನೇಲಿ ನೋಡಿದವಳು ನಾನೊಬ್ಬಳೇ.”

“ಸುಡಿ ಅಂತ ಇಲ್ಲಿ ಜನ ಕ್ಯೂ ನಿಲ್ತಾರೆ. ನೀನೊಬ್ಬಳು ನೋಡು. ನಿದ್ದೆ ಬರಲ್ಲ ನಿಂಗೆ.”

ಸಂಜೆ ಮನೆಯಲ್ಲಿ ವಾರಿಜಾ ದೇವರಿಗೆ ದೀಪ ಹಚ್ಚಿ, ಡಬ್ಬಿಯ ಮುಚ್ಚಳ ತೆಗೆದು, ದಿನವೂ ಓದುವ ಪದ್ಯವನ್ನು ಓದತೊಡಗಿದಳು. ಎರಡು ಕಡೆ ನಿಲ್ಲಿಸಿ, ಅದೇ ಸಾಲಿನಿಂದ ಮತ್ತೆ ಓದಿದಳು. ಡಬ್ಬಿಯೊಳಗಿನ ಮುದುಕ ಕೇಳುತ್ತಿದ್ದ, ಅವಳು ಮುಗಿಸಿದಳು.