ದಾರಿ ಬಿಡುವ ಕಾಲು

ಅಶ್ವಿನ್ ಚೆಂಡನ್ನು ಕಾಲಲ್ಲಿ ತಳ್ಳಿಕೊಂಡು ಬಂದ, ಬಾಲರಾಜ್ ಮತ್ತೆ ಎಡಕ್ಕೆ ಸರಿದುಬಿಟ್ಟ. ಸರಿಯಬೇಕೆಂದು ಸರಿದದ್ದಲ್ಲ, ಕಾಲು ತಾನಾಗಿ ಸರಿಯಿತು. ಖಾಲಿಯಾದ ಜಾಗದಲ್ಲಿ ಅಶ್ವಿನ್ ಆರಾಮಾಗಿ ನುಗ್ಗಿ, ಗೋಲಿನ ಗುರುತಿಗೆ ಇಟ್ಟಿದ್ದ ಎರಡು ಗೋಣಿಚೀಲಗಳ ನಡುವೆ ಚೆಂಡು ನೂಕಿ, ಕೈ ಎರಡೂ ಮೇಲೆತ್ತಿ ಗೋಡೌನಿನ ಉದ್ದಕ್ಕೂ ಓಡಿದ. ನಾಲ್ಕಕ್ಕೆ ನಾಲ್ಕು. ಇನ್ನೊಂದು ಗೋಲು ಯಾರದೋ ಅವರು ಗೆದ್ದಂತೆ.

"ಅವ್ರು ಬಂದ ಕೂಡ್ಲೆ ಗೇಟ್ ತೆಗೀತೀಯಲ್ಲ ಮಾರಾಯ! ನೀನೇನು ಬ್ಯಾಕಾ, ವಾಚ್‌ಮನ್ನಾ?" ಗೋಲು ಕಾಯುತ್ತಿದ್ದ ವಿಶ್ವನಾಥ್ ಹಲ್ಲು ಕಚ್ಚಿ ಕೇಳಿದ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಬಾಲರಾಜನ ಅಪ್ಪ ಕೆಂಚಯ್ಯ ಇದೇ ಗೋಡೌನಿನ ವಾಚ್‌ಮನ್. ಬೀಗದ ಕೈ ಮಡಿಲಲ್ಲಿಟ್ಟುಕೊಂಡು ಬಾಗಿಲ ಪಕ್ಕದಲ್ಲೇ ಕೂತಿದ್ದ.

ಬಾಳೂರಿನ ಕಾಫಿಯೆಲ್ಲ ಕ್ಯೂರಿಂಗ್ ಕಾರ್ಖಾನೆಗೆ ಹೋದ ಮೇಲೆ ಮಳೆಗಾಲದಲ್ಲಿ ಎಸ್ಟೇಟಿನ ಗೋಡೌನು ಖಾಲಿ. ಹೊರಗೆ ಮೈದಾನ ಕೆಸರುಗದ್ದೆ. ಹಾಗಾಗಿ ಭಾನುವಾರ ಮಧ್ಯಾಹ್ನ ಇಲ್ಲೇ ಐದೈದು ಜನರ ಫುಟ್‌ಬಾಲ್ ಆಟ, ಗೋಡೆಗೆ ಬಡಿದ ಚೆಂಡೂ ಲೆಕ್ಕಕ್ಕುಂಟು. ನಿಯಮ ಎರಡೇ. ಕಾಫಿ ಇಡುವ ನೆಲ, ಚಪ್ಪಲಿ ಹೊರಗೇ ಬಿಡಬೇಕು. ಸೋತವರು ಗುಡಿಸಬೇಕು. ಅಶ್ವಿನ್ ಎಸ್ಟೇಟ್ ಯಜಮಾನರ ಮಗ. ಎರಡು ಮಳೆಗಾಲದಲ್ಲಿ ಒಮ್ಮೆಯೂ ಪೊರಕೆ ಮುಟ್ಟಿರಲಿಲ್ಲ. ತಾನು ಚೆನ್ನಾಗಿ ಆಡುವುದರಿಂದಲೇ ಹೀಗೆ ಎಂದು ಪಾಪ ಅವನು ಮನಸಾರೆ ನಂಬಿದ್ದ. ಉಳಿದವರು ಅವನಿಗೆ ಅಷ್ಟಿಷ್ಟು ದಾರಿ ಬಿಡುತ್ತಿದ್ದರು. ಬಾಲರಾಜ್ ಪೂರ್ತಿ ಬಿಡುತ್ತಿದ್ದ. ಬೇರೆ ಯಾರನ್ನೂ ಒಂದು ಗೇಣು ದಾಟಲು ಬಿಡದ ಬ್ಯಾಕ್ ಅವನು.

ಬಾಲರಾಜನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಲು ಕೊಡವಿದ, ತೊಡೆಗೆ ಗುದ್ದಿಕೊಂಡ. ಬೆಳಿಗ್ಗೆಯೂ ಇದೇ ಆಗಿತ್ತು. ತಿರುವಿನಲ್ಲಿ ಜೀಪಿನ ಹಾರ್ನ್ ಕೇಳಿದ್ದೇ ತಡ, ಬೈಕನ್ನು ಚರಂಡಿಯ ಅಂಚಿಗೆ ಇಳಿಸಿದ್ದ. ಜೀಪಿನೊಳಗಿಂದ ಅಶ್ವಿನ್ ಸ್ನೇಹದಿಂದಲೇ ಕೈಬೀಸಿದ. ಅಷ್ಟಗಲದ ದಾರಿಯಲ್ಲಿ ಎರಡು ಜೀಪು ಹೋಗಬಹುದಿತ್ತು. ಚಿಕ್ಕಂದಿನಲ್ಲಿ ಯಜಮಾನರು ಎದುರು ಬಂದರೆ ಅಪ್ಪನ ಕೈ ಭುಜ ಹಿಡಿದು ಅಂಚಿಗೆ ಎಳೆಯುತ್ತಿತ್ತು. ಈಗ ಸ್ವಂತ ಗ್ಯಾರೇಜು ಇಟ್ಟಿದ್ದಾನೆ, ಮೂವತ್ತು ತುಂಬುತ್ತ ಬಂತು. ಆ ಕೈ ಇನ್ನೂ ಭುಜದ ಮೇಲೆಯೇ ಇದೆ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇವತ್ತು ಸರಿದರೆ ಇನ್ನು ಚೆಂಡು ಮುಟ್ಟುವುದಿಲ್ಲ ಎಂದುಕೊಂಡ.

ಚೆಂಡು ಗೋಡೆಗೆ ಬಡಿದು ಅಶ್ವಿನ್‌ಗೇ ಸಿಕ್ಕಿತು. ಬಂದ. ನಗುತ್ತಲೇ ಬಂದ. ಬಾಲರಾಜನ ಎಡಗಾಲು ಆಗಲೇ ನೆಲ ಬಿಟ್ಟಿತ್ತು. ಅದನ್ನು ಅಲ್ಲೇ ಊರಿ, ಬೆರಳುಗಳನ್ನು ಸಿಮೆಂಟಿಗೆ ಒತ್ತಿ ಹಿಡಿದ. ಮುಖ ನೋಡಲಿಲ್ಲ. ಮುಖ ನೋಡಿದರೆ ಸಣ್ಣ ಗೌಡ್ರು, ಚೆಂಡು ನೋಡಿದರೆ ಬರೀ ಚೆಂಡು.

ಚೆಂಡು ಬಾಲರಾಜನ ಕಾಲಲ್ಲಿ ಉಳಿಯಿತು, ಅಶ್ವಿನ್ ಅವನ ಭುಜಕ್ಕೆ ಬಡಿದು ಅಂಗಾತ ಬಿದ್ದ. ಬಾಲರಾಜ್ ಚೆಂಡನ್ನು ಬಲವಾಗಿ ಒದ್ದ. ಎದುರು ತಂಡದ ಗೋಲು ಕಾಯುವವನು ಚೆಂಡು ನೋಡುವುದು ಬಿಟ್ಟು ಬಿದ್ದ ಅಶ್ವಿನ್‌ನನ್ನು ನೋಡುತ್ತ ಬಾಯಿ ತೆರೆದು ನಿಂತಿದ್ದ. ಚೆಂಡು ಅವನ ಪಕ್ಕದಲ್ಲೇ ಉರುಳಿ ಚೀಲಗಳ ನಡುವೆ ಹೋಯಿತು. ಐದಕ್ಕೆ ನಾಲ್ಕು. ಆದರೂ ಗೆದ್ದವರಲ್ಲಿ ಯಾರೂ ಕೂಗಲಿಲ್ಲ.

"ಏಯ್ ರಾಜ!" ಕೆಂಚಯ್ಯ ಎದ್ದು ಓಡಿಬಂದ. "ಕಣ್ಣು ಕಾಣೂದಿಲ್ವಾ ನಿಂಗೆ? ತಪ್ಪಾಯ್ತು ಗೌಡ್ರೆ, ಬೇಕಂತ ಮಾಡ್ಲಿಲ್ಲ ಅವ್ನು."

"ಬೇಕಂತಲೇ ಮಾಡಿದ್ದು ಅಪ್ಪ," ಎಂದ ಬಾಲರಾಜ್.

"ಫೌಲ್ ಕೊಡಾಣ?" ವಿಶ್ವನಾಥ್ ಮೆಲ್ಲಗೆ ಕೇಳಿದ.

"ಫೌಲ್ ಎಂಥದ್ದು? ಚೆಂಡಿಗೇ ಕಾಲ್ ಹಾಕಿದ್ದಲ್ವಾ," ಅಶ್ವಿನ್ ನೆಲದ ಮೇಲೆ ಕೂತೇ ಮೊಣಕೈ ಉಜ್ಜಿಕೊಂಡ. ಬಾಲರಾಜನನ್ನು ಸ್ವಲ್ಪ ಹೊತ್ತು ನೋಡಿದ. ಅವನ ಮುಖದ ನಗು ನಿಧಾನಕ್ಕೆ ಇಳಿಯಿತು. "ನಿಂಗೆ ಇಷ್ಟು ಚೆನ್ನಾಗಿ ಬರ್ತದಾ ಮಾರಾಯ? ಹಾಗಾದ್ರೆ... ನಾನು ಇಷ್ಟು ದಿನ ಗೋಲು ಹೊಡ್ದಿದ್ದು?"

ಎಲ್ಲರಿಗೂ ಇದ್ದಕ್ಕಿದ್ದಂತೆ ಅಂಗಿಯಿಂದ ಬೆವರು ಒರೆಸಿಕೊಳ್ಳುವ ಕೆಲಸ ಬಂತು.

ಅಶ್ವಿನ್ ಎದ್ದ. ಮೂಲೆಗೆ ಹೋಗಿ ಪೊರಕೆ ತೆಗೆದುಕೊಂಡ. ಯಾವ ಕಡೆ ಹಿಡಿಯಬೇಕೆಂದು ಒಂದು ಕ್ಷಣ ತಿರುಗಿಸಿ ನೋಡಿ, ಬಗ್ಗಿ ಗುಡಿಸತೊಡಗಿದ.

"ಅಯ್ಯೋ, ನೀವ್ಯಾಕೆ ಗೌಡ್ರೆ! ಕೊಡಿ ಇಲ್ಲಿ," ಕೆಂಚಯ್ಯ ಧಾವಿಸಿದ. ಬಾಲರಾಜ್ ಅಡ್ಡ ಬಂದು ನಿಂತ.

ಕೆಂಚಯ್ಯ ಬಲಕ್ಕೆ ಹೋದ. ಬಾಲರಾಜ್ ಬಲಕ್ಕೆ ಹೋದ. ಕೆಂಚಯ್ಯ ಎಡಕ್ಕೆ ಬಂದ. ಬಾಲರಾಜ್ ಎಡಕ್ಕೆ ಬಂದ.

"ದಾರಿ ಬಿಡೋ," ಎಂದ ಕೆಂಚಯ್ಯ.

ಬಾಲರಾಜ್ ಅಪ್ಪನ ಮುಖ ನೋಡಲಿಲ್ಲ. ಅವನ ಕಾಲನ್ನೇ ನೋಡುತ್ತ ಅಲ್ಲೇ ನಿಂತ.