ಸೊಪ್ಪು ತಿಂದ ಹಲ್ಲು

ಸುಣ್ಣದಕಲ್ಲಿನ ಗಣಿಯಲ್ಲಿ ಒಂಬತ್ತು ವರ್ಷ ಹುಡುಕಿದ ಮೇಲೆ ಅವಳಿಗೆ ಸಿಕ್ಕಿದ್ದು ಒಂದೇ ಹಲ್ಲು. ಮೈತುಂಬ ಮೂಳೆಯ ಕವಚ ಹೊತ್ತಿದ್ದ ಡೈನೋಸಾರ್‌ನದು. ಮನೆಗೆ ತಂದು ತೋರಿಸಿದಾಗ ಅತ್ತೆ ಹಿಂದೆ ಸರಿದಿದ್ದರು.

“ಮಾಂಸ ತಿಂತಿತ್ತೇನೇ?”

“ಇಲ್ಲ ಅತ್ತೆ, ಬರೀ ಸೊಪ್ಪು. ಆರೂವರೆ ಕೋಟಿ ವರ್ಷ ಆದ್ರೂ ಒಂಚೂರೂ ಸವೆದಿಲ್ಲ ನೋಡಿ.”

ಇವತ್ತು ಅದನ್ನು ಒಯ್ಯಲು ಮ್ಯೂಸಿಯಂನವರು ಬಂದು ಕೂತಿದ್ದಾರೆ. ಡಬ್ಬಿ ತೆರೆದರೆ ಬರೀ ಹತ್ತಿ.

“ಅತ್ತೆ, ಇದರಲ್ಲಿದ್ದ ಹಲ್ಲೆಲ್ಲಿ?”

“ವರ್ಷ ತುಂಬಿದ್ರೂ ಮಗೂಗೆ ಹಲ್ಲು ಬಂದಿರ್ಲಿಲ್ವಲ್ಲ. ದಿನಾ ನಾಲ್ಕು ಸುತ್ತು ತೇದು ಜೇನಲ್ಲಿ ನೆಕ್ಕಿಸಿದೆ. ನಿನ್ನೆಗೆ ಮುಗೀತು. ಸೊಪ್ಪು ತಿನ್ನೋ ಪ್ರಾಣಿ ಅಂದ್ಯಲ್ಲ, ಅದಕ್ಕೇ ಧೈರ್ಯ ಮಾಡಿದೆ.”

ಅತ್ತೆ ನಗುತ್ತಾ ಮಗುವನ್ನು ಅವಳ ಕೈಗಿತ್ತರು. ಮಗು ಅವಳ ಬೆರಳನ್ನು ಬಾಯಿಗಿಟ್ಟುಕೊಂಡು, ಹುಟ್ಟಿದ ಮೇಲೆ ಮೊದಲ ಸಲ, ನೋವಾಗುವಂತೆ ಕಚ್ಚಿತು.